ಇಂಪ್ಲಾಂಟ್ ಒಂದೇ ಸಾಕಾ? ನಾಲ್ಕು ದಾರಿಗಳಲ್ಲಿ ಮಾತು ಕೇಳಿ ನೋಡಿದ್ದು

ನನ್ನ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಗಿದೆ, ಅಂದರೆ ಸದ್ದನ್ನು ಕರೆಂಟ್ ಮಾಡಿ ನೇರ ಕಿವಿಯ ನರಕ್ಕೆ ಮುಟ್ಟಿಸುವ ಸಾಧನವನ್ನು ಆಪರೇಷನ್ ಮಾಡಿ ಒಳಗಿವಿಗೆ ಇಟ್ಟಿದ್ದಾರೆ. ಎಡಗಿವಿಗೆ ದಪ್ಪ ಸ್ವರಗಳು ಮಾತ್ರ ಅಷ್ಟಿಷ್ಟು ಕೇಳಿಸುತ್ತವೆ. ಮಡಿಕೇರಿ ಸಂತೆಯಲ್ಲಿ ಸಿಕ್ಕವರೆಲ್ಲ "ಈಗ ಎಲ್ಲಾ ಕೇಳಿಸುತ್ತಲ್ವಾ?" ಅಂತಾರೆ. ಕೇಳಿಸುವುದೇನೋ ಕೇಳಿಸುತ್ತದೆ. ಮಾತು ತಿಳಿಯುವುದು ಬೇರೆ ಲೆಕ್ಕ. ಅದಕ್ಕೇ ನಾಲ್ಕು ದಾರಿ ನೋಡಿದೆ: ಬರೀ ಇಂಪ್ಲಾಂಟ್, ಅದರ ಜೊತೆ ಎಡಗಿವಿಗೆ ಹಳೇ ಹಿಯರಿಂಗ್ ಏಡ್, ಮಾತಾಡುವವರ ಅಂಗಿಗೆ ಸಿಕ್ಕಿಸಿದರೆ ಅವರ ದನಿಯನ್ನು ನೇರ ಇಂಪ್ಲಾಂಟಿಗೆ ಕಳಿಸುವ ವೈರ್‌ಲೆಸ್ ಮೈಕ್, ಮತ್ತೆ ಮಾತನ್ನು ಅಕ್ಷರ ಮಾಡಿ ತೋರಿಸುವ ಫೋನ್ ಆ್ಯಪ್.

ಗಲಾಟೆ ಇಲ್ಲದ ಕೋಣೆಯಲ್ಲಿ, ಎದುರಿಗೆ ಒಬ್ಬರೇ ಇದ್ದರೆ, ಬರೀ ಇಂಪ್ಲಾಂಟ್ ಸಾಕು. ಯೋಚಿಸಿದರೆ ಇದೇ ಆಶ್ಚರ್ಯ. ಒಳಗಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಕೂದಲ ಕೋಶಗಳು ಸುಮಾರು 3,500 ಇರುತ್ತವೆ. ಅವುಗಳ ಕೆಲಸವನ್ನು ಇಲ್ಲಿ ಮಾಡುವುದು ಕಂಪನಿಗೆ ತಕ್ಕಂತೆ 12ರಿಂದ 22 ಎಲೆಕ್ಟ್ರೋಡುಗಳು, ಅಂದರೆ ಕರೆಂಟ್ ಮುಟ್ಟಿಸುವ ಸಣ್ಣ ಬಿಂದುಗಳು. 1995ರಲ್ಲಿ ರಾಬರ್ಟ್ ಶಾನನ್ ಮತ್ತು ಜೊತೆಯವರು ಕಿವಿ ಸರಿ ಇದ್ದವರಿಗೇ ಮಾತಿನ ಸದ್ದನ್ನು, ದಪ್ಪದಿಂದ ಚೂಪಿನವರೆಗೆ, ಬರೀ 4 ಪಟ್ಟಿಗೆ ಇಳಿಸಿ ಕೇಳಿಸಿದ್ದರು. ಆದರೂ ಅವರಿಗೆ ಮಾತು ತಿಳಿಯಿತು. ಆದರೆ ಆ ಪರೀಕ್ಷೆಯಲ್ಲಿ ಹಿಂದೆ ಮಿಕ್ಸಿ ತಿರುಗುತ್ತಿರಲಿಲ್ಲ!

ತಪ್ಪುಗಳಿಗೂ ಒಂದು ಕ್ರಮ ಇದೆ. ಬಳೆಗೂ ಬಾಳೆಗೂ ನನಗೆ ಗೊಂದಲವೇ ಆಗುವುದಿಲ್ಲ. ಸ್ವರ ಎಷ್ಟು ಹೊತ್ತು ಎಳೆಯಿತು ಅನ್ನುವುದನ್ನು ಇಂಪ್ಲಾಂಟ್ ಚೆನ್ನಾಗಿ ಹಿಡಿಯುತ್ತದೆ. ಅತ್ತೆ ಒಲೆ ಕಡೆ ತಿರುಗಿಕೊಂಡು "ತಟ್ಟೆ" ಅಂದರೆ ಮಾತ್ರ ಅದು ಕಟ್ಟೆಯೂ ಆಗಬಹುದು, ಪಟ್ಟೆಯೂ ಆಗಬಹುದು. ನಾಲಿಗೆ ಎಲ್ಲಿ ತಾಗಿತು ಅನ್ನುವ ಸುಳಿವು ಸದ್ದಿನ ಸಣ್ಣ ಸಣ್ಣ ಏರುಪೇರಿನಲ್ಲಿರುತ್ತದೆ. ಇಷ್ಟು ಎಲೆಕ್ಟ್ರೋಡುಗಳಿಗೆ ಅದು ಪೂರ್ತಿ ಸಿಗುವುದಿಲ್ಲ. ಅವರು ಮುಖ ಈ ಕಡೆ ಮಾಡಿದರೆ ಅರ್ಧ ಸಮಸ್ಯೆ ಮುಗಿಯಿತು. ತುಟಿ ಮುಚ್ಚಿದರೆ ಪ, ಇಲ್ಲದಿದ್ದರೆ ಅಲ್ಲ. ಇನ್ನು ತುಟಿಯಲ್ಲಿ ಒಂದೇ ಥರ ಕಾಣುವ ಪ, ಬ, ಮಗಳನ್ನು ಇಂಪ್ಲಾಂಟ್ ಬೇರೆ ಮಾಡಿ ಕೊಡುತ್ತದೆ.

ಹಳೇ ಹಿಯರಿಂಗ್ ಏಡನ್ನು ಪೆಟ್ಟಿಗೆಗೆ ಹಾಕಿ ಅಂತ ಒಂದು ಕಡೆ ಹೇಳಿದ್ದರು. ಹೊಸದರಲ್ಲಿ ಇಂಪ್ಲಾಂಟ್ ಕಿವಿಗೆ ಒಂಟಿಯಾಗಿ ಅಭ್ಯಾಸ ಮಾಡಿಸಬೇಕು, ಅದನ್ನು ಒಪ್ಪುತ್ತೇನೆ. ಆದರೆ ಪೂರ್ತಿ ಬಿಡಿಸಿದ್ದು ನನಗೆ ಇವತ್ತಿಗೂ ಸಿಟ್ಟು. ಎಡಗಿವಿಗೆ ಒಂದು ಪದವೂ ಬಿಡಿಯಾಗಿ ತಿಳಿಯುವುದಿಲ್ಲ, ನಿಜ. ಆದರೆ ದನಿಯ ಏರಿಳಿತ ಅಲ್ಲಿಂದಲೇ ಬರುತ್ತದೆ. ಇಂಪ್ಲಾಂಟ್ ಒಂದರಲ್ಲಿ ಭಾವನ ದನಿಯೂ ಅಕ್ಕನ ದನಿಯೂ ಹೆಚ್ಚುಕಡಿಮೆ ಒಂದೇ. ಏಡ್ ಹಾಕಿದ ಕೂಡಲೇ ಯಾರು ಮಾತಾಡಿದರು, ಪ್ರಶ್ನೆ ಕೇಳಿದರಾ ಸುಮ್ನೆ ಹೇಳಿದರಾ, ಗೊತ್ತಾಗುತ್ತದೆ. ಮಾತು ಮಾತಿನ ಹಾಗೆ ಕೇಳಿಸುತ್ತದೆ. ಮನೆಯೊಳಗಿನ ಮಟ್ಟಿಗೆ ನನ್ನ ಓಟು ಈ ಜೋಡಿಗೆ. ಹೇಗೂ ಕೈಯಲ್ಲಿದ್ದ ಏಡ್, ಹೊಸದಾಗಿ ಖರ್ಚೂ ಇಲ್ಲ.

ಮಳೆಗಾಲದ ಕಥೆ ಬೇರೆ. ಜುಲೈಯಲ್ಲಿ ನಮ್ಮ ಶೀಟಿನ ಮಾಡಿನ ಕೆಳಗೆ ಕಿವಿ ಚೆನ್ನಾಗಿರುವವರೂ ಕೂಗಿಯೇ ಮಾತಾಡುತ್ತಾರೆ. ಇಂಪ್ಲಾಂಟಿನ ಹೊರಭಾಗದಲ್ಲಿ ಸದ್ದು ಹಿಡಿದು ಒಳಗೆ ಕಳಿಸುವ ಪ್ರೊಸೆಸರಿಗೆ ಗದ್ದಲ ತಗ್ಗಿಸುವ ಪ್ರೋಗ್ರಾಂ ಇದೆ. ಒಂದೇ ಸಮ ಸುರಿಯುವ ಮಳೆಯನ್ನು ಅದು ಗುರುತು ಹಿಡಿದು ಸಾಕಷ್ಟು ತಗ್ಗಿಸುತ್ತದೆ. ಸೋಲುವುದು ಮದುವೆ ಊಟದ ಹಾಲಿನಲ್ಲಿ. ಅಲ್ಲಿ ಗದ್ದಲ ಅಂದರೆ ಬೇರೆಯವರ ಮಾತೇ. ಯಾವ ಮಾತು ಬೇಕು, ಯಾವುದು ಬೇಡ ಅಂತ ಪ್ರೋಗ್ರಾಮಿಗೆ ಹೇಗೆ ಗೊತ್ತಾಗಬೇಕು? ಕಿವಿ ಸರಿ ಇರುವವರು ಬೇರೆಯವರ ಮಾತಿನ ನಡುನಡುವಿನ ಸಂದಿಯಲ್ಲಿ ಬೇಕಾದ ಪದ ಹೆಕ್ಕಿಕೊಳ್ಳುತ್ತಾರೆ. ಇಂಪ್ಲಾಂಟಿನವರಿಗೆ ಆ ಸಂದಿ ಸಿಗುವುದು ಬಹಳ ಕಷ್ಟ. ವಾಲಗ ಶುರುವಾದರೆ ಮುಗಿದೇ ಹೋಯಿತು.

ಇಂಥ ಕಡೆ ಮೈಕಿನ ಹತ್ತಿರಕ್ಕೂ ಉಳಿದವು ಬರುವುದಿಲ್ಲ. ಅದರಲ್ಲಿ ಜಾದೂ ಏನಿಲ್ಲ, ದೂರದ ಲೆಕ್ಕ ಅಷ್ಟೇ. ಬಯಲಿನಲ್ಲಿ ದೂರ ಅರ್ಧ ಆದ ಹಾಗೆಲ್ಲ ದನಿ 6 ಡೆಸಿಬೆಲ್ ಏರುತ್ತದೆ. ಹಾಲಿನೊಳಗೆ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು. ಮೈಕ್ ಬಾಯಿಯಿಂದ ಒಂದು ಗೇಣು ಕೆಳಗಿದ್ದರೆ, ಮೇಜಿನ ಆಚೆ ಕೂತವರೂ ನನ್ನ ಕಿವಿಯಲ್ಲೇ ಮಾತಾಡಿದ ಹಾಗೆ. ತೊಂದರೆಯೂ ಇದೆ. ಸೆರಗು ತಾಗಿದರೆ ಗರಗರ ಅನ್ನುತ್ತದೆ. ಹಾಕಿಕೊಂಡವರು ಅಗಿಯುವುದೂ ಕೇಳಿಸುತ್ತದೆ. ಮೈಕ್ ಇಲ್ಲದ ಪಕ್ಕದವರು ಜೋಕ್ ಹೇಳಿದರೆ ನಾನು ನಗುವ ಹೊತ್ತಿಗೆ ಎಲ್ಲರೂ ನಕ್ಕು ಮುಗಿಸಿರುತ್ತಾರೆ. ಒಮ್ಮೆ ಭಾವ ಮೈಕ್ ತೆಗೆಯುವುದನ್ನು ಮರೆತು ಕಾಫಿ ಕಣಕ್ಕೆ ಹೋಗಿ ವ್ಯಾಪಾರಿ ಹತ್ತಿರ ರೇಟು ಮಾತಾಡಿದರು. ನಮಗೆ ಹೇಳಿದ ರೇಟೇ ಬೇರೆ, ಅದಿರಲಿ.

ಫೋನ್ ಬಗ್ಗೆ ಎರಡೇ ಮಾತು. ಹಳೇ ಮಾದರಿಯ ಕಾಲ್‌ನಲ್ಲಿ 3,400 ಹರ್ಟ್ಸ್‌ನಿಂದ ಮೇಲಿನ ಚೂಪು ಸದ್ದು ಬರುವುದೇ ಇಲ್ಲ, "ಸ" ಅನ್ನುವ ಸದ್ದಿನ ಬಹುಪಾಲು ಅಲ್ಲೇ ಕತ್ತರಿಸಿ ಹೋಗುತ್ತದೆ. ನೆಟ್ ಚೆನ್ನಾಗಿದ್ದರೆ ವಾಟ್ಸಾಪ್ ಕಾಲ್ ಮಾಡಿ, ಬ್ಲೂಟೂತ್‌ನಲ್ಲಿ ನೇರ ಪ್ರೊಸೆಸರಿಗೆ ತೆಗೆದುಕೊಳ್ಳಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಆ್ಯಪ್ ಕೊನೆಯ ಸ್ಥಾನಕ್ಕೆ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಕನ್ನಡವನ್ನು ಪರವಾಗಿಲ್ಲ ಅನ್ನುವಷ್ಟು ಬರೆಯುತ್ತದೆ. ಆದರೆ ನಮ್ಮ ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ಕೊಡವ ತಕ್ಕ್. ಎರಡೂ ಅದಕ್ಕೆ ಬಾರದು. ಅತ್ತೆಯ ಮಾತಿಗೆ ಅದು ಬರೆಯುವ ಕನ್ನಡ ಓದಿ ಅತ್ತೆಯೇ ಬಿದ್ದು ಬಿದ್ದು ನಗುತ್ತಾರೆ. ಬ್ಯಾಂಕಿನ ಗಾಜಿನ ಕಿಂಡಿ ಎದುರು ಮಾತ್ರ ಅದನ್ನೇ ತೆರೆಯುತ್ತೇನೆ. ಆಚೆಯವರಿಗೆ ಮೈಕ್ ಸಿಕ್ಕಿಸಿಕೊಳ್ಳಿ ಅನ್ನಲು ಆಗುತ್ತದಾ?

ಮೈಕ್ ಕೊಳ್ಳುವವರು ಒಂದು ನೋಡಿಕೊಳ್ಳಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ನನ್ನ ಪ್ರೊಸೆಸರಿಗೆ ಬಿಸಾಡುವ ಬ್ಯಾಟರಿಯೂ ನಡೆಯುತ್ತದೆ, ಮೈಕಿಗೆ ಚಾರ್ಜೇ ಗತಿ. ಜೂನ್ ಬರುವ ಮೊದಲೇ ಒಂದು ಒಳ್ಳೆ ಪವರ್ ಬ್ಯಾಂಕ್ ತೆಗೆದಿಡಿ.