ಪಹಣಿ ಪರದೆಯ ಮೇಲೆ ಬಂದ ನಂತರ: ‘ಭೂಮಿ’ ಸೇವೆಯ ದೀರ್ಘಕಾಲದ ಬಳಕೆದಾರರೊಬ್ಬರ ವಿಮರ್ಶೆ

ಜಮೀನಿನ ಮಾಲೀಕರು, ವಿಸ್ತೀರ್ಣ, ಸಾಲ ಇವುಗಳ ವಿವರವಿರುವ ದಾಖಲೆಯಾದ ಪಹಣಿಯನ್ನು ಕಂಪ್ಯೂಟರಿನಲ್ಲಿ ಒದಗಿಸುವ ಕರ್ನಾಟಕ ಕಂದಾಯ ಇಲಾಖೆಯ ‘ಭೂಮಿ’ ಸೇವೆಯನ್ನು ನಾನು ತಾಲ್ಲೂಕು ಕಚೇರಿಯ ಕಿಯಾಸ್ಕ್ ಮುಂದೆ ಸಾಲು ನಿಲ್ಲಬೇಕಿದ್ದ ಕಾಲದಿಂದ ಮೊಬೈಲಿನಲ್ಲೇ ಎಲ್ಲವೂ ಸಿಗುವ ಇಂದಿನವರೆಗೆ ಬಳಸುತ್ತ ಬಂದಿದ್ದೇನೆ. ಇಂಟರ್‌ನೆಟ್‌ನಿಂದ ಬದುಕು ಬದಲಾಯಿತು ಎಂದೊಡನೆ ಎಲ್ಲರೂ ಹಣ ಪಾವತಿಯ ಆ್ಯಪ್‌ಗಳನ್ನೋ ವಾಟ್ಸ್ಆ್ಯಪನ್ನೋ ಹೆಸರಿಸುತ್ತಾರೆ. ತುಂಡು ಜಮೀನಾದರೂ ಇರುವ ಮನೆಯವರನ್ನು ಕೇಳಿದರೆ ಪಹಣಿಯ ಮಾತೂ ಬಂದೇ ಬರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದಾಖಲೆಯನ್ನು ನೋಡುವುದಕ್ಕೆ ಈ ಸೇವೆಗೆ ಸಾಟಿಯಿಲ್ಲ, ದಾಖಲೆಯನ್ನು ತಿದ್ದಿಸುವ ವಿಷಯದಲ್ಲಿ ಅದು ಇನ್ನೂ ಅರ್ಧ ದಾರಿಯಲ್ಲಿದೆ.

ಈ ಯೋಜನೆ ಬರುವ ಮುನ್ನ ರಾಜ್ಯದ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಪ್ರತಿ ಬೇಕೆಂದರೆ ಅವರು ಊರಿಗೆ ಬರುವ ದಿನ ಗೊತ್ತಿರಬೇಕಿತ್ತು, ಅವರ ಮರ್ಜಿಯೂ ಕೂಡಿಬರಬೇಕಿತ್ತು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಮುದ್ರಿತ ಪ್ರತಿ ಸಿಗತೊಡಗಿತು, ಕೈಬರಹದ ಪಹಣಿಯ ಮಾನ್ಯತೆ ಕೊನೆಗೊಂಡಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಕಂಪ್ಯೂಟರ್ ವ್ಯವಸ್ಥೆಯ ಒಳಹೋಗಬೇಕು, ಮ್ಯುಟೇಶನ್ (ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು ಎಂಬ ಎರಡು ನಿಯಮಗಳು ಆ ಕಾಲಕ್ಕೆ ಸಣ್ಣವಲ್ಲ.

ಈಗಿನ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಕೊಟ್ಟರೆ ಪಹಣಿ ಎದುರಿಗೆ ಬರುತ್ತದೆ. ಹೊಸಬರು ಎಡವುವುದು ‘ಸರ್ನಾಕ್’ ಎಂಬ ಪೆಟ್ಟಿಗೆಯಲ್ಲಿ. ಹೆಚ್ಚಿನ ಜಮೀನುಗಳಿಗೆ ಅಲ್ಲಿ ಆರಿಸಬೇಕಾದದ್ದು ಬರೀ ನಕ್ಷತ್ರ ಚಿಹ್ನೆ, ಆದರೆ ಅದನ್ನು ಯಾರಾದರೂ ಹೇಳಿಕೊಡಬೇಕೇ ಹೊರತು ಪುಟ ತಾನಾಗಿ ಹೇಳುವುದಿಲ್ಲ. ನೋಡುವುದು ಉಚಿತ. ಬ್ಯಾಂಕಿಗೋ ಕಚೇರಿಗೋ ಕೊಡುವ, ಡಿಜಿಟಲ್ ಸಹಿಯುಳ್ಳ ಪ್ರತಿಗೆ ಮಾತ್ರ ಅಲ್ಪ ಶುಲ್ಕವಿದೆ. ಗ್ರಾಮ ನಕಾಶೆಯೂ ಮ್ಯುಟೇಶನ್ ವಿವರವೂ ಇಲಾಖೆಯ ತಾಣದಲ್ಲೇ ಸಿಗುತ್ತವೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ‘ದಿಶಾಂಕ್’ ಆ್ಯಪ್ ಇದೆ. ಆದರೆ ದಿಶಾಂಕ್ ತೋರಿಸುವ ಗೆರೆಯನ್ನು ನಂಬಿ ಬೇಲಿ ಹಾಕಲು ಹೊರಡಬಾರದು. ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುವುದು ಸಹಜ, ಬದುವಿನ ಜಗಳಕ್ಕೆ ಅಷ್ಟೇ ಸಾಕು.

ಬಹುಕಾಲ ಬಳಸಿದ ಮೇಲೆ ನನಗೆ ಅತಿ ಮುಖ್ಯವೆನಿಸಿದ ಬದಲಾವಣೆ ಉಳಿದ ಸಮಯವಾಗಲಿ ತಪ್ಪಿದ ಓಡಾಟವಾಗಲಿ ಅಲ್ಲ. ಕುಟುಂಬದೊಳಗೆ ಜಮೀನಿನ ವಿಷಯ ಯಾರಿಗೆ ಗೊತ್ತಿರುತ್ತದೆ ಎಂಬುದೇ ಬದಲಾಗಿದೆ. ಹಿಂದೆ ಸರ್ವೆ ನಂಬರುಗಳು ಮನೆಯ ಯಜಮಾನನ ಟ್ರಂಕಿನಲ್ಲಿ ಇರುತ್ತಿದ್ದವು, ಉಳಿದವರಿಗೆ ‘ಕೆರೆ ಕೆಳಗಿನ ಗದ್ದೆ’, ‘ಗುಡ್ಡದ ಹೊಲ’ ಎಂದಷ್ಟೇ ಗೊತ್ತು. ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ 2005ರಲ್ಲಿ ಬಂತು. ಆದರೂ ಮದುವೆಯಾಗಿ ದೂರದ ಊರಿಗೆ ಹೋದ ಮಗಳಿಗೆ ತವರಿನ ಜಮೀನು ಈಗ ಯಾರ ಹೆಸರಿನಲ್ಲಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಕೇಳಿದರೆ ಸಂಬಂಧ ಕೆಡುತ್ತದೆ ಎಂಬ ಅಂಜಿಕೆ ಬೇರೆ. ಈಗ ಆಕೆ ಯಾರನ್ನೂ ಕೇಳದೆ ಕುಳಿತಲ್ಲಿಂದಲೇ 9ನೇ ಕಾಲಂ ತೆರೆದು ಮಾಲೀಕರ ಹೆಸರುಗಳನ್ನು ಓದಬಹುದು, 10ನೇ ಕಾಲಂನ ಎಂ.ಆರ್. (ಮ್ಯುಟೇಶನ್ ನಮೂದಿನ) ಸಂಖ್ಯೆ ಹಿಡಿದು ಹೆಸರು ಹೇಗೆ ಬದಲಾಯಿತೆಂದು ನೋಡಬಹುದು. ನಮ್ಮ ಸಂಬಂಧಿಕರಲ್ಲೇ ಹಬ್ಬದ ಊಟದ ನಂತರದ ಮಾತುಕತೆ ಇದರಿಂದ ಬಿಸಿಯಾದದ್ದುಂಟು. ಆ ಬಿಸಿ ಬೇಕಾಗಿತ್ತು ಎಂಬ ಪಕ್ಷದವನು ನಾನು.

ಇದೇ ತೆರೆದ ಬಾಗಿಲಿನಿಂದ ಬೇಡದವರೂ ಒಳಗೆ ಬರುತ್ತಾರೆ. 11ನೇ ಕಾಲಂನಲ್ಲಿ ಜಮೀನಿನ ಮೇಲಿನ ಸಾಲದ ಬೋಜಾ ದಾಖಲಾಗಿರುತ್ತದೆ. ಸರ್ವೆ ನಂಬರ್ ಗೊತ್ತಿರುವ ನೆರೆಯವನಿಗೂ, ದಳ್ಳಾಳಿಗೂ ಅದು ಅಷ್ಟೇ ಸುಲಭವಾಗಿ ಕಾಣುತ್ತದೆ. ಸಾಲದಲ್ಲಿರುವ ರೈತ ಯಾರೆಂದು ಮೊದಲೇ ತಿಳಿದುಕೊಂಡು ಬರುವ ಖರೀದಿದಾರನ ಎದುರು ಚೌಕಾಸಿ ಮಾಡುವುದು ಕಷ್ಟ. ಮಾಲೀಕತ್ವ ಸಾರ್ವಜನಿಕವಾಗಿರಲಿ, ಆದರೆ ಸಾಲದ ವಿವರವನ್ನಾದರೂ ಮಾಲೀಕನ ಒಪ್ಪಿಗೆಯ ಮೇಲೆ ತೋರಿಸಬೇಕೆಂಬುದು ನನ್ನ ಅಭಿಪ್ರಾಯ; ಕೊಳ್ಳುವವನಿಗೆ ಅದು ಬೇಕೇ ಬೇಕು ಎಂಬ ವಾದವೂ ಬಲವಾದದ್ದೇ ಎಂದು ಒಪ್ಪುತ್ತೇನೆ.

ದೋಷಗಳಲ್ಲಿ ದೊಡ್ಡದು ಮೂಲದಲ್ಲೇ ಇದೆ. ಕಂಪ್ಯೂಟರಿಗೆ ಏರಿದ್ದು ಕೈಬರಹದ ಪುಸ್ತಕದಲ್ಲಿ ಇದ್ದದ್ದು ಮಾತ್ರ, ಆದ್ದರಿಂದ ಅಲ್ಲಿದ್ದ ತಪ್ಪುಗಳೂ ಅಚ್ಚುಕಟ್ಟಾದ ಅಕ್ಷರದಲ್ಲಿ ಮುದ್ರಣವಾಗಿ ಬರುತ್ತವೆ. 3ನೇ ಕಾಲಂನ ಒಟ್ಟು ವಿಸ್ತೀರ್ಣಕ್ಕೂ 9ನೇ ಕಾಲಂನಲ್ಲಿ ಮಾಲೀಕರ ಹೆಸರಿನ ಮುಂದಿರುವ ಎಕರೆ-ಗುಂಟೆಗಳ ಮೊತ್ತಕ್ಕೂ ತಾಳೆಯಾಗದ ಪಹಣಿಗಳು ಎಲ್ಲ ಜಿಲ್ಲೆಗಳಲ್ಲೂ ಇವೆ; ಅಂಥ ಪಹಣಿ ಇಟ್ಟುಕೊಂಡು ಮಾರಾಟವನ್ನಾಗಲಿ ವಿಭಾಗವನ್ನಾಗಲಿ ಮಾಡಲು ಹೊರಟವರ ಪಾಡು ಹೇಳತೀರದು. ಪೋಡಿಯಾಗದ, ಅಂದರೆ ಪಾಲುಗಳನ್ನು ಅಳೆದು ಬೇರೆ ಬೇರೆ ಮಾಡದ, ಸರ್ವೆ ನಂಬರಿನಲ್ಲಿ ಹತ್ತಾರು ಜನರ ಹೆಸರು ಒಟ್ಟಿಗೇ ಇರುತ್ತದೆ, ಯಾರ ಪಾಲು ಯಾವ ಮೂಲೆಯಲ್ಲಿದೆ ಎಂಬುದನ್ನು ಯಾವ ಪರದೆಯೂ ತೋರಿಸಲಾರದು. ತಪ್ಪನ್ನು ಕಾಣಲು ಅರ್ಧ ನಿಮಿಷ ಸಾಕು. ತಿದ್ದಿಸಲು ಅರ್ಜಿ, ಹಳೆಯ ದಾಖಲೆಗಳ ನಕಲು, ಸರ್ವೆ, ಕೆಲವೊಮ್ಮೆ ಉಪವಿಭಾಗಾಧಿಕಾರಿಗಳ ನ್ಯಾಯಾಲಯ, ಹೀಗೆ ಹಳೆಯ ದಾರಿಯೇ ಹಿಡಿಯಬೇಕು. ಸಾಲ ತೀರಿದ ಮೇಲೆಯೂ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದು ಸಾಮಾನ್ಯ. ಕೊನೆಯ ಕಂತು ಕಟ್ಟಿದ ದಿನವೇ ಋಣಮುಕ್ತ ಪತ್ರ ಕೇಳಿ ಪಡೆದು, ನಮೂದು ಅಳಿಸಿದೆಯೇ ಎಂದು ಮತ್ತೆ ತೆರೆದು ನೋಡಬೇಕು.

ಹೊಸದಾಗಿ ಬಳಸುವವರು ತಮ್ಮ ಎಲ್ಲ ಸರ್ವೆ ನಂಬರುಗಳನ್ನು ಹಿಸ್ಸಾ (ಉಪವಿಭಾಗದ ಸಂಖ್ಯೆ) ಸಮೇತ ಬರೆದಿಟ್ಟುಕೊಂಡು, ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದನ್ನೂ ತೆರೆದು ಓದುವುದು ಒಳ್ಳೆಯದು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಾಗ, ತೀರಿಕೊಂಡು ಎಷ್ಟೋ ವರ್ಷಗಳಾದವರ ಹೆಸರಿನಲ್ಲೇ ಉಳಿದ ಜಮೀನುಗಳು ಎಷ್ಟಿವೆಯೆಂಬುದು ಕಂಡುಬಂತು. ತಾತನ ಹೆಸರಿನ ಪಹಣಿಗೆ ಜೋಡಿಸಲು ತಾತನ ಆಧಾರ್ ಎಲ್ಲಿದೆ? ಅಂಥವರು ಜಾಲತಾಣವನ್ನು ಬದಿಗಿಟ್ಟು, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಮೊದಲು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ, ಅರ್ಜಿ ಹಾಕಬೇಕು. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.