ಎತ್ತರ ತಗ್ಗಿಸುವುದು: ಥೂಜಾ ಮತ್ತು ಕ್ರಿಸ್‌ಮಸ್ ಮರ

ಬೆಂಗಳೂರಿನ ಅಂಗಳಗಳಲ್ಲಿ ನಿತ್ಯಹಸಿರು ಗಿಡವಾದ ಥೂಜಾ, ಕ್ರಿಸ್‌ಮಸ್ ಮರ ಎರಡೂ ಮಹಡಿಯ ಎತ್ತರ ಮೀರುತ್ತವೆ. ಕತ್ತರಿಗೆ ಒಗ್ಗುವುದು ಮಾತ್ರ ಥೂಜಾ. ಬೇಕಾದ ಎತ್ತರಕ್ಕಿಂತ 15 ಸೆಂ.ಮೀ. ಕೆಳಗೆ ನಡುಕಾಂಡವನ್ನು ಕೊಯ್ದರೆ ಹೊಸ ಚಿಗುರು ಗಾಯವನ್ನು ಮುಚ್ಚುತ್ತದೆ. ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಪಕ್ಕದ ಕೊಂಬೆಗಳನ್ನು ಹಸಿರಿರುವಷ್ಟರಲ್ಲೇ ಸವರಿ. ಒಳಗಿನ ಕಂದು ಕಡ್ಡಿ ಮತ್ತೆ ಚಿಗುರುವುದಿಲ್ಲ, ಅಲ್ಲಿ ಬಿದ್ದ ತೂತು ಹಾಗೇ ಉಳಿಯುತ್ತದೆ.

ಕ್ರಿಸ್‌ಮಸ್ ಮರ, ಅಂದರೆ ಅರಾಕೇರಿಯಾ, ತುದಿ ಹೋದರೆ ತನ್ನ ಗೋಪುರದ ರೂಪವನ್ನೇ ಕಳೆದುಕೊಳ್ಳುತ್ತದೆ. ಅಡ್ಡಕೊಂಬೆ ನೆಟ್ಟಗೆ ಎದ್ದು ತುದಿಯಾಗದು. ಕೊಯ್ದಲ್ಲಿಂದ ಕೆಳಗೆ ಕಾಂಡದಿಂದ ಎರಡು ಮೂರು ಚಿಗುರು ಒಟ್ಟಿಗೆ ಏಳುತ್ತವೆ. ಅವುಗಳ ಬುಡ ಸಡಿಲ, ದಪ್ಪಗಾದ ಮೇಲೆ ಗಾಳಿಗೆ ಸೀಳಬಹುದು. ಕೊಯ್ದಾಗಿದ್ದರೆ ನೆಟ್ಟಗಿರುವ ಒಂದನ್ನು ಉಳಿಸಿ, ಮಿಕ್ಕವನ್ನು ಎಳೆಯದಾಗಿರುವಾಗಲೇ ತೆಗೆಯಿರಿ. ಇನ್ನೂ ನೆಟ್ಟಿಲ್ಲವೇ? ಚಿಕ್ಕ ಅಂಗಳಕ್ಕೆ ಥೂಜಾ ತನ್ನಿ; ಅರಾಕೇರಿಯಾ ಕುಂಡದಲ್ಲಿರಲಿ.