ಬ್ಯಾಂಬರೊ ಅಥವಾ ಡನ್‌ಸ್ಟನ್‌ಬರೊ: ಒಂದೇ ಬೆಳಗು ಸಿಕ್ಕರೆ ಟ್ರೈಪಾಡ್ ಊರುವುದೆಲ್ಲಿ?

ಇಂಗ್ಲೆಂಡಿನ ಈಶಾನ್ಯ ಅಂಚಿನ ನಾರ್ಥಂಬರ್‌ಲ್ಯಾಂಡ್ ಕರಾವಳಿಯಲ್ಲಿ ಸುಮಾರು 15 ಕಿ.ಮೀ. ಅಂತರದಲ್ಲಿ ಎರಡು ಕೋಟೆಗಳಿವೆ. ಎರಡೂ ನಿಂತಿರುವುದು ವಿನ್ ಸಿಲ್ ಎಂಬ ಒಂದೇ ಕಪ್ಪು ಅಗ್ನಿಶಿಲೆಯ ಹಾಸಿನ ಮೇಲೆ. ಆದರೂ ಒಂದರಲ್ಲಿ ಫಲ ಕೊಟ್ಟ ಲೆಕ್ಕಾಚಾರ ಇನ್ನೊಂದರಲ್ಲಿ ಕೈಕೊಡುತ್ತದೆ. ಯಾವುದು ಚಂದ ಎಂದು ಕೇಳುವುದಕ್ಕಿಂತ, ಆ ದಿನದ ಉಬ್ಬರ-ಇಳಿತದ ಪಟ್ಟಿ ಏನು ಹೇಳುತ್ತದೆ ಎಂದು ನೋಡುವುದೇ ಸರಿ.

ಮಲ್ಪೆ, ಮುರ್ಡೇಶ್ವರದಲ್ಲಿ ಕ್ಯಾಮೆರಾ ಹಿಡಿದವರು ಎರಡು ಅಭ್ಯಾಸ ಬಿಡಬೇಕು. ಇಲ್ಲಿ ಸಮುದ್ರ ಪೂರ್ವಕ್ಕಿದೆ, ಆದ್ದರಿಂದ ಕಡಲ ಮೇಲಿನ ಬೆಳಕು ಮುಂಜಾನೆಯದು. ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ಎರಡು ಮೀಟರ್ ಮುಟ್ಟುವುದೂ ಅಪರೂಪ. ಇಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಆರು ಗಂಟೆಯಲ್ಲಿ ದಡದ ಆಕಾರವೇ ಬೇರೆಯಾಗಿರುತ್ತದೆ.

ಬ್ಯಾಂಬರೊ ಇಡಿಯಾಗಿ ಉಳಿದ ಕೋಟೆ. 1894ರಲ್ಲಿ ಆರ್ಮ್‌ಸ್ಟ್ರಾಂಗ್ ಪ್ರಭು ಅದನ್ನು ಕೊಂಡು ಜೀರ್ಣೋದ್ಧಾರ ಮಾಡಿಸಿದ್ದರಿಂದ ಗೋಡೆ, ಕಿಟಕಿ, ಬುರುಜು ಎಲ್ಲ ತುಂಬಿಕೊಂಡಿವೆ. ಅದೇ ಅದರ ತೊಡಕು ಕೂಡ: ಮೋಡ ಕವಿದ ಬೆಳಕಿನಲ್ಲಿ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಓರೆಯಾಗಿ ಬೀಳಲೇಬೇಕು. ಜೂನ್‌ನಲ್ಲಿ ಸೂರ್ಯ ನಾಲ್ಕೂವರೆಗೆಲ್ಲ ಈಶಾನ್ಯದಿಂದ ಎದ್ದು ಕಡಲ ಕಡೆಯ ಗೋಡೆಗೆ ನೇರ ಬೆಳಕು ಕೊಡುತ್ತಾನೆ. ಡಿಸೆಂಬರ್‌ನಲ್ಲಿ ಎಂಟೂವರೆಯ ಹೊತ್ತಿಗೆ ಆಗ್ನೇಯದಲ್ಲಿ ಹುಟ್ಟುತ್ತಾನೆ; ವಾಯವ್ಯಕ್ಕಿರುವ ಸ್ಟ್ಯಾಗ್ ರಾಕ್ ಬಂಡೆಯಿಂದ ನೋಡಿದರೆ ಸೂರ್ಯೋದಯ ಕೋಟೆಯ ಮಗ್ಗುಲಲ್ಲೇ.

ಇಲ್ಲಿ ಬೇಕಾದದ್ದು ಇಳಿತ. ನೀರು ಸರಿದ ಮೇಲೆ ಉಳಿಯುವ ಹಸಿ ಮರಳಿನಲ್ಲಿ ಕೋಟೆಯ ಪ್ರತಿಬಿಂಬ ಬೀಳುತ್ತದೆ. ಕ್ಯಾಮೆರಾ ಮೊಣಕಾಲಿನ ಎತ್ತರಕ್ಕಿಂತ ಕೆಳಗಿರಲಿ. ಹಲವರು ಫೋಕಸ್ಸನ್ನು ಮರಳಿಗೆ ಇಡುತ್ತಾರೆ, ಪ್ರತಿಬಿಂಬ ಮಸುಕಾಗುತ್ತದೆ. ಲೆನ್ಸಿನ ಮಟ್ಟಿಗೆ ಪ್ರತಿಬಿಂಬ ಇರುವುದು ಕೋಟೆಯಷ್ಟೇ ದೂರದಲ್ಲಿ, ಕಾಲಬುಡದಲ್ಲಲ್ಲ. ತೆರೆ ಹಿಂದೆ ಸರಿಯುತ್ತಿರುವಾಗ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನ ಶಟರ್ ಸಾಕು. ಟ್ರೈಪಾಡಿನ ಕಾಲನ್ನು ಮರಳಿಗೆ ಒತ್ತಿ ಇಳಿಸಿ, ಒಂದು ತೆರೆ ಬಂದುಹೋಗಲು ಬಿಟ್ಟು ಆಮೇಲೆ ಕ್ಲಿಕ್ಕಿಸಿ. ಇಲ್ಲವಾದರೆ ಶಟರ್ ತೆರೆದಿರುವಾಗಲೇ ಕಾಲು ಕುಸಿಯುತ್ತದೆ. ಇನ್ನು, ಚೌಕಟ್ಟಿನೊಳಗೆ ಬರುವ ಜಾಗದಲ್ಲಿ ನಡೆಯಬೇಡಿ. ಮರಳ ದಿಬ್ಬದ ಬದಿಯಿಂದ ಸುತ್ತಿ ಬನ್ನಿ. ನಿಮ್ಮ ಹೆಜ್ಜೆಗುರುತು ಅಳಿಸಲು ಮುಂದಿನ ಉಬ್ಬರವೇ ಬರಬೇಕು.

ಡನ್‌ಸ್ಟನ್‌ಬರೊ ಬೇರೆಯೇ ಪ್ರಾಣಿ. ಲ್ಯಾಂಕಾಸ್ಟರಿನ ಅರ್ಲ್ ಥಾಮಸ್ 1313ರಲ್ಲಿ ಕಟ್ಟಿಸಲು ಶುರುಮಾಡಿ, 1322ರಲ್ಲಿ ದಂಗೆಯಲ್ಲಿ ಸೋತು ತಲೆ ಕಳೆದುಕೊಂಡ. ಈಗ ಉಳಿದಿರುವುದು ಮುರಿದ ಬುರುಜುಗಳ ಗೆರೆ ಮಾತ್ರ. ಅದಕ್ಕೆ ಬಿಸಿಲಿನ ಹಂಗಿಲ್ಲ. ಬೂದು ಆಕಾಶ, ತುಂತುರು, ಸ್ಥಳೀಯರು ‘ಫ್ರೆಟ್’ ಎನ್ನುವ ಕಡಲ ಮಂಜು, ಎಲ್ಲದರಲ್ಲೂ ಆ ಗೆರೆ ನಿಲ್ಲುತ್ತದೆ. ಹವಾಮಾನ ಕೈಕೊಟ್ಟ ದಿನ ಬ್ಯಾಂಬರೊ ಬಿಟ್ಟು ಇಲ್ಲಿಗೇ ಬರುವುದು ಜಾಣತನ. ಆದರೆ ಕೋಟೆಯವರೆಗೆ ವಾಹನ ಹೋಗುವುದಿಲ್ಲ. ದಕ್ಷಿಣದ ಕ್ರಾಸ್ಟರ್‌ನಿಂದ ಹುಲ್ಲುಗಾವಲಿನ ಮೇಲೆ ಸುಮಾರು 2 ಕಿ.ಮೀ. ನಡೆಯಬೇಕು. ಉತ್ತರದ ಎಂಬಲ್ಟನ್ ಕೊಲ್ಲಿಯ ಕಡೆಯಿಂದಲೂ ನಡಿಗೆಯೇ. ಹೆಸರಾದ ಉರುಟು ಕಲ್ಲುಗಳಿರುವುದು ಆ ಬದಿಗೆ.

ಆ ಕಲ್ಲುಗಳೇ ಇಲ್ಲಿನ ಪರೀಕ್ಷೆ. ಪೂರ್ತಿ ಉಬ್ಬರದಲ್ಲಿ ನಿಲ್ಲಲು ಜಾಗವಿಲ್ಲ. ಪೂರ್ತಿ ಇಳಿತದಲ್ಲಿ ಮೇಲಿನ ಕಲ್ಲು ಒಣಗಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಕೆಳಗಿನವು ಪಾಚಿಗಟ್ಟಿ ಸೋಪಿನಂತೆ ಜಾರುತ್ತವೆ. ಉಬ್ಬರ ಕಳೆದು ಎರಡು-ಮೂರು ಗಂಟೆಯ ಹೊತ್ತು ಚೆನ್ನ: ಕಲ್ಲು ಹಸಿಯಾಗಿ ಕಪ್ಪಗಿರುತ್ತದೆ, ನೀರು ನಿಮ್ಮಿಂದ ದೂರ ಸರಿಯುತ್ತಿರುತ್ತದೆ. ಏರುವ ನೀರಿನಲ್ಲಿ ಇಳಿಯಲೇಬೇಡಿ. ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಹಿಂದೆ ಬರುವಷ್ಟರಲ್ಲಿ ಬೂಟು ಮುಳುಗಿರುತ್ತದೆ.

ಬೆಳಕನ್ನು ತಗ್ಗಿಸುವ, ಹತ್ತು ಸ್ಟಾಪಿನ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಎನ್‌ಡಿ ಫಿಲ್ಟರ್‌ ಇಲ್ಲಿ ನಮಗೆ ಹಿಡಿಸುವುದಿಲ್ಲ. 1/15 ಸೆಕೆಂಡಿನ ಎಕ್ಸ್‌ಪೋಷರ್ ಅದರಿಂದ ಒಂದು ನಿಮಿಷ ದಾಟುತ್ತದೆ, ಕಲ್ಲಿನ ನಡುವಿನ ನೀರೆಲ್ಲ ಹೊಗೆಯಾಗುತ್ತದೆ. ಮೂರು ಸ್ಟಾಪಿನದು ಹಾಕಿದರೆ ಅರ್ಧ ಸೆಕೆಂಡು: ನೊರೆ ಎಳೆಎಳೆಯಾಗಿ ಉಳಿಯುತ್ತದೆ, ತೆರೆ ಯಾವ ಕಡೆ ಹರಿಯಿತೆಂದು ಕಾಣುತ್ತದೆ. ಪೋಲರೈಸರ್ ಫಿಲ್ಟರ್ ಬಿಚ್ಚಿಡಿ, ಹಸಿ ಕಲ್ಲಿನ ಮೇಲಿನ ಆಕಾಶದ ಹೊಳಪನ್ನು ಅದು ನುಂಗುತ್ತದೆ, ಆ ಹೊಳಪಿಗಾಗಿಯೇ ಅಲ್ಲವೇ ಇಷ್ಟು ದೂರ ನಡೆದದ್ದು. ಇನ್ನು ತೀರಾ ಅಗಲ ನೋಟದ 16 ಎಂ.ಎಂ. ಲೆನ್ಸಿನಲ್ಲಿ ಕಲ್ಲು ಆನೆಯಾಗಿ ಕೋಟೆ ಇರುವೆಯಾಗುತ್ತದೆ. 24ರಿಂದ 35 ಎಂ.ಎಂ. ಒಳಗೆ ಎರಡಕ್ಕೂ ನ್ಯಾಯ ಸಿಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಎಂ.ಎಂ., ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/11 ಇಟ್ಟು 1.75 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 90 ಸೆಂ.ಮೀ.ಯಿಂದ ದಿಗಂತದವರೆಗೆ ಸಾಕಷ್ಟು ಚೂಪಾಗಿ ಬರುತ್ತದೆ.

ಮೇಲರ್ಧ ಕಪ್ಪಾಗಿದ್ದು ನಡುವೆ ಥಟ್ಟನೆ ತಿಳಿಯಾಗುವ ಹಾರ್ಡ್ ಗ್ರಾಡ್ ಫಿಲ್ಟರ್ ಎರಡೂ ಕಡೆ ಬೇಡ. ಬುರುಜು ದಿಗಂತದ ಮೇಲಕ್ಕೆ ಚಾಚಿರುವುದರಿಂದ ಅದರ ತಲೆ ಕಪ್ಪಾಗುತ್ತದೆ. ಎರಡೆರಡು ಸ್ಟಾಪಿನ ಅಂತರದಲ್ಲಿ ಮೂರು ಫ್ರೇಮ್ ತೆಗೆದು ಜೋಡಿಸಿ, ನೀರನ್ನು ಮಾತ್ರ ಒಂದೇ ಫ್ರೇಮಿನಿಂದ ತೆಗೆದುಕೊಳ್ಳಿ. ಇಲ್ಲವಾದರೆ ನೊರೆ ಎರಡೆರಡಾಗಿ ಕಾಣುತ್ತದೆ.

ಹಾಗಾದರೆ ಆ ಒಂದು ಬೆಳಗು? ಸೂರ್ಯೋದಯಕ್ಕೆ ಪೂರ್ತಿ ಇಳಿತವಿದ್ದು ಆಕಾಶ ತಿಳಿಯಾಗಿದ್ದರೆ ಬ್ಯಾಂಬರೊ. ನೀರು ಅರ್ಧ ಇಳಿದಿದ್ದರೆ, ಆಕಾಶ ಹೇಗೇ ಇರಲಿ, ಡನ್‌ಸ್ಟನ್‌ಬರೊ. ಪೂರ್ತಿ ಉಬ್ಬರ ಸಿಕ್ಕರೆ ಮರಳೂ ಇಲ್ಲ, ಕಲ್ಲೂ ಇಲ್ಲ. ಆಗ ಬ್ಯಾಂಬರೊದ ದಿಬ್ಬ ಹತ್ತಿ ಹುಲ್ಲನ್ನು ಮುಂದಿಟ್ಟುಕೊಳ್ಳಿ. ಗಾಳಿಗೆ ಹುಲ್ಲು ಅಲ್ಲಾಡುವುದರಿಂದ ಸೆನ್ಸರಿನ ಬೆಳಕಿನ ಸಂವೇದನೆಯಾದ ಐಎಸ್‌ಒ 400ಕ್ಕೋ 800ಕ್ಕೋ ಏರಿಸಿ ಶಟರ್ 1/125ಕ್ಕಿಂತ ನಿಧಾನವಾಗದಂತೆ ನೋಡಿಕೊಳ್ಳಿ, ಅಲ್ಲಿ ಲೆನ್ಸ್ ಮಾತ್ರ ಬದಲಿಸಬೇಡಿ. ಹಾರುವ ಮರಳು ನೇರ ಸೆನ್ಸರಿನ ಮೇಲೇ ಬಂದು ಕೂರುತ್ತದೆ.